ಕೋಟೆಯೂ ಇಲ್ಲ, ಪೇಟೆಯೂ ಇಲ್ಲ: ರಾಕ್ಸ್‌ಬರೋ ಮಾಯವಾದ ಕತೆ

ಸ್ಕಾಟ್ಲೆಂಡಿನ ದಕ್ಷಿಣ ಗಡಿಯಲ್ಲಿ ಕೆಲ್ಸೋ ಅನ್ನುವ ಚಿಕ್ಕ ಪಟ್ಟಣವಿದೆ. ಅಲ್ಲಿಂದ ಟೀವಿಯಟ್ ಹೊಳೆಯ ಪಕ್ಕದ ರಸ್ತೆ ಹಿಡಿದು ಪಶ್ಚಿಮಕ್ಕೆ ಹೋದರೆ ಬಲಗಡೆ ಒಂದು ಉದ್ದನೆಯ ದಿಬ್ಬ ಸಿಗುತ್ತದೆ. ಮೈತುಂಬ ಹುಲ್ಲು, ಮರ. ಅಲ್ಲಲ್ಲಿ ಕಲ್ಲುಗೋಡೆಯ ಮುರಿದ ತುಂಡು. ಗೊತ್ತಿಲ್ಲದವರು ಇದೊಂದು ಗುಡ್ಡ ಅಂದುಕೊಂಡು ಸುಮ್ನೆ ದಾಟಿ ಹೋಗುತ್ತಾರೆ.

ಈ ದಿಬ್ಬದ ಮೇಲೆ ಒಂದು ಕಾಲಕ್ಕೆ ಸ್ಕಾಟ್ಲೆಂಡಿನ ಅತಿ ಮುಖ್ಯ ಕೋಟೆಗಳಲ್ಲೊಂದು ನಿಂತಿತ್ತು. ರಾಕ್ಸ್‌ಬರೋ ಕೋಟೆ. ಒಬ್ಬ ರಾಜ ಅಲ್ಲಿ ಮದುವೆಯಾದ. ಅವನ ಮಗ, ಮುಂದಿನ ರಾಜ, ಅಲ್ಲೇ ಹುಟ್ಟಿದ. ಎರಡು ಶತಮಾನದ ನಂತರ ಇನ್ನೊಬ್ಬ ರಾಜ ಅದೇ ಕೋಟೆಯ ಎದುರು ಪ್ರಾಣ ಬಿಟ್ಟ. ಕೋಟೆಯ ಪೂರ್ವಕ್ಕಿರುವ ಬಯಲಿನಲ್ಲಿ ಒಂದು ತುಂಬಿದ ಪೇಟೆ ಇತ್ತು. ಬೀದಿ, ಚರ್ಚು, ಸಂತೆ, ನಾಣ್ಯ ಹೊಡೆಯುವ ಟಂಕಸಾಲೆ ಎಲ್ಲವೂ ಇದ್ದವು. ಈಗ ಆ ಪೇಟೆಯ ಒಂದೇ ಒಂದು ಮನೆಯೂ ನೆಲದ ಮೇಲೆ ಉಳಿದಿಲ್ಲ. ರಾಕ್ಸ್‌ಬರೋ ಅನ್ನುವ ಹೆಸರಿನ ಹಳ್ಳಿಯೊಂದು ಇವತ್ತಿಗೂ ಇದೆ, ಆದರೆ ಅದು ಕೆಲವು ಕಿಲೋಮೀಟರ್ ಆಚೆ. ಹಳೇ ಪೇಟೆ ಅದಲ್ಲ.

ಕೋಟೆಗಳು ಹಾಳಾಗುವುದು ಎಲ್ಲ ಕಡೆಯೂ ಇದ್ದದ್ದೇ. ಯಾರೂ ನೋಡಿಕೊಳ್ಳದೆ ಬೀಳುತ್ತವೆ. ಶತ್ರುಗಳು ಬಂದು ಒಡೆಯುತ್ತಾರೆ. ರಾಕ್ಸ್‌ಬರೋ ಕತೆ ಬೇರೆ ಥರದ್ದು. ಸ್ಕಾಟ್ ರಾಜರ ಕೋಟೆಯನ್ನು ಸ್ಕಾಟರೇ ಕೆಡವಿದರು. ಅದೂ ಅದನ್ನು ಶತ್ರುವಿನಿಂದ ಗೆದ್ದುಕೊಂಡ ಮೇಲೆ. ಒಂದು ಸಲ ಮಾಡಿದ್ದು ಸಾಲದು ಅಂತ ಎರಡನೇ ಸಲವೂ ಮಾಡಿದರು.

ಇಷ್ಟು ಕಷ್ಟಪಟ್ಟು ಗೆದ್ದ ಸ್ವಂತ ಕೋಟೆಯನ್ನು ಯಾರಾದರೂ ಯಾಕೆ ಕೆಡವುತ್ತಾರೆ? ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಆ ಕಾಲದ ಇಂಗ್ಲೆಂಡ್-ಸ್ಕಾಟ್ಲೆಂಡ್ ಜಗಳ ಅರ್ಧ ಅರ್ಥವಾದ ಹಾಗೆ.

ಸೋರೆಬುರುಡೆಯ ಕುತ್ತಿಗೆ

ಮೊದಲು ಜಾಗ ನೋಡೋಣ. ಇಲ್ಲಿ ಎರಡು ಹೊಳೆ ಹರಿಯುತ್ತವೆ. ಉತ್ತರದ ಬದಿಗೆ ಟ್ವೀಡ್, ದಕ್ಷಿಣದ ಬದಿಗೆ ಟೀವಿಯಟ್. ಎರಡೂ ಒಂದು ಕಡೆ ತೀರಾ ಹತ್ತಿರ ಬರುತ್ತವೆ, ಮತ್ತೆ ಸ್ವಲ್ಪ ದೂರ ಸರಿಯುತ್ತವೆ, ಆಮೇಲೆ ಕೆಲ್ಸೋ ಹತ್ತಿರ ಕೂಡಿಕೊಳ್ಳುತ್ತವೆ. ನಡುವಿನ ನೆಲ ಹೆಚ್ಚುಕಮ್ಮಿ ಸೋರೆಬುರುಡೆಯ ಆಕಾರದಲ್ಲಿದೆ. ಕುತ್ತಿಗೆಯ ಜಾಗದಲ್ಲಿ ದಿಬ್ಬ, ಅದರ ಮೇಲೆ ಕೋಟೆ. ಹೊಟ್ಟೆಯ ಜಾಗದಲ್ಲಿ ಪೇಟೆ. ಪೇಟೆಗೆ ಎರಡು ಪಕ್ಕ ನೀರಿನ ಕಾವಲು, ಮೂರನೇ ಪಕ್ಕ ಕೋಟೆಯ ಕಾವಲು. ಇಂಥ ಜಾಗ ಹುಡುಕಿದರೂ ಸಿಗುವುದಿಲ್ಲ.

ಇಂಗ್ಲೆಂಡಿನ ಗಡಿ ಇಲ್ಲಿಂದ ಹತ್ತು ಕಿಲೋಮೀಟರಿನೊಳಗೇ ಬರುತ್ತದೆ. ಕೋಟೆಗೆ ಮಾರ್ಚ್‌ಮಾಂಟ್ ಅನ್ನುವ ಇನ್ನೊಂದು ಹೆಸರೂ ಇತ್ತು. ಮಾರ್ಚ್ ಅಂದರೆ ಆ ಕಾಲದ ಮಾತಿನಲ್ಲಿ ಗಡಿನಾಡು. ಗಡಿಯ ಗುಡ್ಡ ಅಂತ ಅರ್ಥ.

ಕೋಟೆಯೂ ಪೇಟೆಯೂ ಬೆಳೆದದ್ದು 12ನೇ ಶತಮಾನದಲ್ಲಿ, ಒಂದನೇ ಡೇವಿಡ್ ರಾಜನ ಕಾಲದಲ್ಲಿ. 1124ರಿಂದ 1153ರವರೆಗೆ ಆಳಿದ ಈತ ಇಂಗ್ಲೆಂಡಿನ ಆಸ್ಥಾನದಲ್ಲಿ ಬೆಳೆದವನು. ಸ್ಕಾಟ್ಲೆಂಡಿಗೆ ಊರು ಕಟ್ಟುವ ಹೊಸ ಪದ್ಧತಿ ತಂದವನು. ರಾಜ ಒಂದು ಊರಿಗೆ ವ್ಯಾಪಾರದ ಹಕ್ಕು ಬರೆದುಕೊಡುತ್ತಿದ್ದ. ಅಲ್ಲಿನವರು ಸಂತೆ ನಡೆಸಬಹುದು, ಸುಂಕ ವಸೂಲಿ ಮಾಡಬಹುದು. ಅದರಲ್ಲಿ ರಾಜನಿಗೂ ಪಾಲು. ಇಂಥ ಊರುಗಳಲ್ಲಿ ದೊಡ್ಡವು ನಾಲ್ಕು: ಎಡಿನ್‌ಬರೋ, ಸ್ಟರ್ಲಿಂಗ್, ಬೆರಿಕ್, ರಾಕ್ಸ್‌ಬರೋ. ವ್ಯಾಪಾರದ ಕಾನೂನು ಕುರಿತು ತಕರಾರು ಬಂದರೆ ಈ ನಾಲ್ಕೂ ಊರಿನ ಪ್ರತಿನಿಧಿಗಳು ಸೇರಿ ತೀರ್ಮಾನ ಮಾಡುತ್ತಿದ್ದರು. ಎಡಿನ್‌ಬರೋ ಇವತ್ತು ರಾಜಧಾನಿ. ಅದರ ಸರಿಸಮ ಕೂತಿದ್ದ ರಾಕ್ಸ್‌ಬರೋದಲ್ಲಿ ಈಗ ಹುಲ್ಲು ಮಾತ್ರ. ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಹೊಟ್ಟೆಯಲ್ಲಿ ಏನೋ ಒಂಥರಾ ಆಗುತ್ತದೆ.

ಪೇಟೆಯ ದುಡ್ಡೆಲ್ಲ ಉಣ್ಣೆಯಿಂದ ಬಂದದ್ದು. ಸುತ್ತಲಿನ ಗುಡ್ಡಗಳಲ್ಲಿ ಕುರಿ ಜಾಸ್ತಿ. ಡೇವಿಡ್ ರಾಜ 1128ರಲ್ಲಿ ಹೊಳೆಯ ಆಚೆ ದಡದ ಕೆಲ್ಸೋಗೆ ಒಂದು ದೊಡ್ಡ ಕ್ರೈಸ್ತ ಮಠವನ್ನು ತಂದು ಕೂರಿಸಿದ. ಮೇಲ್ಗಡೆ ಮೆಲ್ರೋಸ್‌ನಲ್ಲಿ ಇನ್ನೊಂದು ಮಠ. ಈ ಮಠಗಳು ದೊಡ್ಡ ದೊಡ್ಡ ಕುರಿಮಂದೆ ಸಾಕುತ್ತಿದ್ದವು. ಉಣ್ಣೆ ಟ್ವೀಡ್ ಕಣಿವೆಯಲ್ಲಿ ಸುಮಾರು 35 ಕಿಲೋಮೀಟರ್ ಕೆಳಗೆ ಸಾಗಿ, ಬೆರಿಕ್ ಬಂದರಿನಲ್ಲಿ ಹಡಗು ಹತ್ತಿ, ಈಗಿನ ಬೆಲ್ಜಿಯಂ ಕಡೆಯ ಫ್ಲಾಂಡರ್ಸ್‌ನ ನೇಕಾರರಿಗೆ ಹೋಗುತ್ತಿತ್ತು. ಈ ದಾರಿಯನ್ನು ನೆನಪಿಟ್ಟುಕೊಳ್ಳಿ. ಪೇಟೆ ಹೇಗೆ ಸತ್ತಿತು ಅನ್ನುವುದಕ್ಕೆ ಇದೇ ಕೀಲಿಕೈ.

1239ರಲ್ಲಿ ಎರಡನೇ ಅಲೆಗ್ಸಾಂಡರ್ ರಾಜ ಫ್ರಾನ್ಸಿನಿಂದ ಬಂದ ಮೇರಿ ದ ಕೂಸಿಯನ್ನು ರಾಕ್ಸ್‌ಬರೋದಲ್ಲಿ ಮದುವೆಯಾದ. 1241ರ ಸೆಪ್ಟೆಂಬರ್‌ನಲ್ಲಿ ಅವರಿಗೆ ಅಲ್ಲೇ ಮಗ ಹುಟ್ಟಿದ. ಅವನೇ ಮುಂದೆ ಮೂರನೇ ಅಲೆಗ್ಸಾಂಡರ್. ಅವನ ಆಳ್ವಿಕೆಯನ್ನು ಸ್ಕಾಟರು ಆಮೇಲಿನ ಶತಮಾನಗಳಲ್ಲಿ ಸುಭಿಕ್ಷದ ಕಾಲ ಅಂತ ನೆನೆಯುತ್ತಿದ್ದರು. ಅದಕ್ಕೆ ಕಾರಣವೂ ಇತ್ತು. ಅವನ ನಂತರ ಬಂದದ್ದು ಅಷ್ಟು ಕೆಟ್ಟದಾಗಿತ್ತು.

ಕೋಟೆ ಯಾರ ಕೈಯಲ್ಲಿ?

ರಾಕ್ಸ್‌ಬರೋ ಕೈ ತಪ್ಪುವ ಅಭ್ಯಾಸ ಅದಕ್ಕೂ ಮೊದಲೇ ಶುರುವಾಗಿತ್ತು. 1174ರಲ್ಲಿ ಸ್ಕಾಟ್ ರಾಜ ವಿಲಿಯಂ ಇಂಗ್ಲೆಂಡಿನ ಮೇಲೆ ದಂಡೆತ್ತಿ ಹೋಗಿ ಸೆರೆ ಸಿಕ್ಕಿದ. ಬಿಡುಗಡೆಯ ಬೆಲೆಯಾಗಿ ಐದು ಕೋಟೆಗಳ ಮೇಲಿನ ಹಕ್ಕನ್ನು ಇಂಗ್ಲಿಷ್ ರಾಜನಿಗೆ ಬರೆದುಕೊಡಬೇಕಾಯಿತು. ರಾಕ್ಸ್‌ಬರೋ ಅದರಲ್ಲೊಂದು. ಹದಿನೈದು ವರ್ಷದ ಮೇಲೆ ಇಂಗ್ಲೆಂಡಿನ ಹೊಸ ರಾಜ ರಿಚರ್ಡ್‌ಗೆ ಧರ್ಮಯುದ್ಧಕ್ಕೆ ಹೋಗಲು ದುಡ್ಡು ಬೇಕಿತ್ತು. 1189ರಲ್ಲಿ ಅವನು 10,000 ಮಾರ್ಕ್ ಬೆಳ್ಳಿ ಹಣ ತೆಗೆದುಕೊಂಡು ಹಳೇ ಒಪ್ಪಂದವನ್ನು ರದ್ದು ಮಾಡಿದ, ರಾಕ್ಸ್‌ಬರೋ ಹಿಂದಕ್ಕೆ ಬಂತು. ಒತ್ತೆ ಇಟ್ಟ ಒಡವೆ ಬಿಡಿಸಿಕೊಂಡ ಹಾಗೆ.

1286ರಲ್ಲಿ ಮೂರನೇ ಅಲೆಗ್ಸಾಂಡರ್ ಕುದುರೆಯಿಂದ ಬಿದ್ದು ಸತ್ತ. ಅವನ ಮಕ್ಕಳೆಲ್ಲ ಅವನಿಗಿಂತ ಮೊದಲೇ ತೀರಿಕೊಂಡಿದ್ದರು. ಉಳಿದ ಪುಟ್ಟ ಮೊಮ್ಮಗಳೂ 1290ರಲ್ಲಿ ನಾರ್ವೆಯಿಂದ ಬರುವ ದಾರಿಯಲ್ಲಿ ಸತ್ತಳು. ಪಟ್ಟ ಯಾರಿಗೆ ಅಂತ ತೀರ್ಪು ಹೇಳಲು ಇಂಗ್ಲೆಂಡಿನ ಒಂದನೇ ಎಡ್ವರ್ಡ್ ಬಂದ. ಪಂಚಾಯ್ತಿ ಮಾಡಲು ಬಂದವನು ಮನೆಯನ್ನೇ ಹಿಡಿದುಕೊಂಡ. 1296ರಲ್ಲಿ ಅವನ ಸೈನ್ಯ ಬೆರಿಕ್ ಪಟ್ಟಣಕ್ಕೆ ನುಗ್ಗಿ ಸಾವಿರಾರು ಜನರನ್ನು ಕೊಂದಿತು. ಕೆಲವೇ ವಾರದಲ್ಲಿ ರಾಕ್ಸ್‌ಬರೋ ಶರಣಾಯಿತು.

ಕೋಟೆ ಆಗ ಏನಾಗಿ ಬದಲಾಯಿತು ಅನ್ನುವುದಕ್ಕೆ ಒಂದು ಘಟನೆ ಸಾಕು. 1306ರಲ್ಲಿ ರಾಬರ್ಟ್ ಬ್ರೂಸ್ ತಾನೇ ಸ್ಕಾಟ್ಲೆಂಡಿನ ರಾಜ ಅಂತ ಪಟ್ಟ ಕಟ್ಟಿಕೊಂಡ. ಕೆಲವೇ ತಿಂಗಳಲ್ಲಿ ಸೋತು ತಲೆಮರೆಸಿಕೊಂಡ. ಅವನ ಮನೆಯ ಹೆಂಗಸರು ಸೆರೆಯಾದರು. ತಂಗಿ ಮೇರಿ ಬ್ರೂಸ್‌ಳನ್ನು ರಾಕ್ಸ್‌ಬರೋ ಕೋಟೆಯಲ್ಲಿ ಒಂದು ಪಂಜರದಲ್ಲಿ ಕೂಡಿಡಬೇಕು ಅಂತ ಎಡ್ವರ್ಡ್ ಆಜ್ಞೆ ಮಾಡಿದ. ಮರ ಮತ್ತು ಕಬ್ಬಿಣದಿಂದ ಮಾಡಿದ ಪಂಜರ. ಬ್ರೂಸ್‌ನ ಪಟ್ಟಾಭಿಷೇಕ ಮಾಡಿಸಿದ್ದ ಇಸಬೆಲ್ಲಾ ಎಂಬ ಇನ್ನೊಬ್ಬ ಹೆಂಗಸಿಗೆ ಬೆರಿಕ್‌ನಲ್ಲಿ ಇದೇ ಗತಿ. ಮೇರಿ ಸುಮಾರು ನಾಲ್ಕು ವರ್ಷ ಹಾಗೆ ಇದ್ದಳು. ಯಾವ ಕೋಟೆಯಲ್ಲಿ ಸ್ಕಾಟ್ ರಾಜರ ತೊಟ್ಟಿಲು ತೂಗಿತ್ತೋ ಅದೇ ಕೋಟೆಯಲ್ಲಿ ಸ್ಕಾಟ್ ರಾಜನ ತಂಗಿ ಪಂಜರದಲ್ಲಿ ಕೂತಿದ್ದಳು. ಈ ಒಂದು ಸಾಲು ಓದಿದಾಗಲೇ ನನಗೆ ಮುಂದಿನದೆಲ್ಲ ಅರ್ಥವಾಗತೊಡಗಿದ್ದು.

ಕೋಟೆ ಅಂದ ಕೂಡಲೇ ನಾವು ರಕ್ಷಣೆ ಅಂದುಕೊಳ್ಳುತ್ತೇವೆ. ಒಳಗಿದ್ದವರಿಗೆ ರಕ್ಷಣೆ, ನಿಜ. ಆದರೆ ಒಳಗಿರುವವರು ಯಾರು ಅನ್ನುವುದು ಗೋಡೆಗೆ ಗೊತ್ತಾಗುವುದಿಲ್ಲ, ಅಲ್ವಾ? ಆ ಕಾಲದ ಯುದ್ಧ ಹೇಗೆ ನಡೆಯುತ್ತಿತ್ತು ನೋಡಿ. ಇಂಗ್ಲೆಂಡ್ ದೊಡ್ಡ ದೇಶ, ದುಡ್ಡಿರುವ ದೇಶ. ಬೇಸಿಗೆಯಲ್ಲಿ ದೊಡ್ಡ ಸೈನ್ಯ ಕಟ್ಟಿಕೊಂಡು ಉತ್ತರಕ್ಕೆ ಬರುತ್ತಿತ್ತು. ಆದರೆ ಅಷ್ಟು ಜನಕ್ಕೆ, ಅಷ್ಟು ಕುದುರೆಗೆ ಊಟ ಎಲ್ಲಿಂದ ತರುವುದು? ತಂದ ಧಾನ್ಯ ಖಾಲಿಯಾದ ಮೇಲೆ ಹಿಂದಿರುಗಲೇಬೇಕು. ಸೈನ್ಯ ಹೋದ ಮೇಲೂ ಆ ನೆಲ ಇಂಗ್ಲಿಷರ ಕೈಯಲ್ಲಿ ಉಳಿಯಬೇಕಾದರೆ ಒಂದೇ ದಾರಿ: ಕೋಟೆ. ಕಾವಲಿಗೆ ಒಂದಷ್ಟು ಜನರನ್ನು ಒಳಗೆ ಬಿಟ್ಟು ಹೋದರೆ ಸಾಕು. ಅವರು ಸುತ್ತಲಿನ ಹಳ್ಳಿಗಳಿಂದ ಕಂದಾಯ ಎತ್ತುತ್ತಾರೆ, ರಸ್ತೆ ಕಾಯುತ್ತಾರೆ, ಎದುರು ಬಿದ್ದವರನ್ನು ಹಿಡಿದು ತರುತ್ತಾರೆ. ದೊಡ್ಡ ದಂಡು ಬಂದರೆ ಬಾಗಿಲು ಹಾಕಿಕೊಂಡು ಮುಂದಿನ ಬೇಸಿಗೆವರೆಗೆ ಕಾಯುತ್ತಾರೆ. ಕೋಟೆಗಳು ಮೊಳೆಗಳಿದ್ದ ಹಾಗೆ. ಮೊಳೆ ಇದ್ದರೆ ಚರ್ಮ ಹಲಗೆಗೆ ಅಂಟಿಕೊಂಡಿರುತ್ತದೆ. ಮೊಳೆ ಕಿತ್ತರೆ ಸುರುಳಿ ಸುತ್ತಿಕೊಂಡು ಬಿಡುತ್ತದೆ.

ಬ್ರೂಸ್‌ಗೆ ಇದು ಚೆನ್ನಾಗಿ ಅರ್ಥವಾಗಿತ್ತು. ಅವನ ಹತ್ತಿರ ಗೋಡೆ ಒಡೆಯುವ ದೊಡ್ಡ ಯಂತ್ರಗಳಿರಲಿಲ್ಲ. ಗೆದ್ದ ಕೋಟೆಯಲ್ಲಿ ಕಾವಲು ಪಡೆ ಇಟ್ಟು ಸಾಕುವಷ್ಟು ಹಣವೂ ಇರಲಿಲ್ಲ. ಇಟ್ಟರೂ ಇಂಗ್ಲಿಷರು ಯಂತ್ರಗಳ ಜೊತೆ ಬಂದು ವಾಪಸ್ ಹಿಡಿಯುತ್ತಾರೆ. ಹಾಗಾಗಿ ಅವನು ಒಂದು ಕಠಿಣ ನಿಯಮ ಮಾಡಿಕೊಂಡ. ಉಪಾಯದಿಂದ ಕೋಟೆ ಹಿಡಿಯುವುದು. ಹಿಡಿದ ಮೇಲೆ ಕೆಡವುವುದು.

ಕಪ್ಪು ದನಗಳು

ರಾಕ್ಸ್‌ಬರೋ ಹಿಡಿಯುವ ಕೆಲಸ ಜೇಮ್ಸ್ ಡಗ್ಲಸ್‌ನ ಪಾಲಿಗೆ ಬಂತು. ಬ್ರೂಸ್‌ನ ಬಲಗೈ ಬಂಟ. ಅವನ ಹೆಸರು ಕೇಳಿದರೆ ಇಂಗ್ಲಿಷ್ ಗಡಿಯ ಹಳ್ಳಿಗಳು ನಡುಗುತ್ತಿದ್ದವು. ಅವರು ಅವನನ್ನು ಕರೀ ಡಗ್ಲಸ್ ಅನ್ನುತ್ತಿದ್ದರು.

ಅದು 1314ರ ಫೆಬ್ರವರಿ. ಕ್ರೈಸ್ತರ ದೊಡ್ಡ ಉಪವಾಸದ ಕಾಲ ಶುರುವಾಗುವ ಹಿಂದಿನ ರಾತ್ರಿ. ಮರುದಿನದಿಂದ ನಲವತ್ತು ದಿನ ಮಾಂಸವಿಲ್ಲ, ಮೋಜಿಲ್ಲ. ಹಾಗಾಗಿ ಆ ರಾತ್ರಿ ಎಲ್ಲ ಕಡೆ ಭರ್ಜರಿ ಊಟ, ಕುಡಿತ, ಹಾಡು, ಕುಣಿತ. ಕೋಟೆಯ ಒಳಗಿನ ಇಂಗ್ಲಿಷ್ ಪಡೆಯೂ ಸಂಭ್ರಮದಲ್ಲಿತ್ತು. ಡಗ್ಲಸ್ ಈ ರಾತ್ರಿಯನ್ನೇ ಆರಿಸಿಕೊಂಡದ್ದು ಅದಕ್ಕೆ.

ಮುಂದಿನದನ್ನು ಸುಮಾರು 60 ವರ್ಷದ ನಂತರ ಒಬ್ಬ ಸ್ಕಾಟ್ ಕವಿ ವಿವರವಾಗಿ ಬರೆದಿದ್ದಾನೆ. ಡಗ್ಲಸ್ ಮತ್ತು ಸುಮಾರು 60 ಜನ ಕವಚದ ಮೇಲೆ ಕಪ್ಪು ನಿಲುವಂಗಿ ಹೊದ್ದುಕೊಂಡು ಕೈಕಾಲೂರಿ ಸಾಲಾಗಿ ತೆವಳುತ್ತ ಬಂದರು. ಗೋಡೆಯ ಮೇಲಿನ ಕಾವಲುಗಾರರು ಕತ್ತಲಲ್ಲಿ ಅವರನ್ನು ಕಂಡರು. ಯಾರೋ ರೈತ ಹಬ್ಬದ ಗುಂಗಿನಲ್ಲಿ ಎತ್ತುಗಳನ್ನು ಕೊಟ್ಟಿಗೆಗೆ ಹೊಡೆಯುವುದನ್ನೇ ಮರೆತಿದ್ದಾನೆ, ಡಗ್ಲಸ್ ಬಂದರೆ ಹೊಡೆದುಕೊಂಡು ಹೋಗುತ್ತಾನೆ ಪಾಪ, ಅಂತ ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಸಿಮ್ ಎಂಬುವನು ಇದಕ್ಕೆಂದೇ ಹಗ್ಗದ ಏಣಿ ಮಾಡಿದ್ದ. ತುದಿಗೆ ಕಬ್ಬಿಣದ ಕೊಕ್ಕೆ. ಈಟಿಯ ತುದಿಯಿಂದ ಮೇಲೆತ್ತಿ ಗೋಡೆಯ ಅಂಚಿಗೆ ಸಿಕ್ಕಿಸುವುದು. ಕೊಕ್ಕೆ ತಗುಲಿದ ಸದ್ದು ಕೇಳಿ ಒಬ್ಬ ಕಾವಲುಗಾರ ಓಡಿ ಬಂದ. ಸಿಮ್ ಅಷ್ಟರಲ್ಲಿ ಮೇಲೆ ಹತ್ತಿ ಅವನ ಬಾಯಿ ಮುಚ್ಚಿಸಿದ್ದ. ಉಳಿದವರು ಹತ್ತಿ ಬಂದು, ಹಾಡು ಕುಣಿತ ನಡೆಯುತ್ತಿದ್ದ ದೊಡ್ಡ ಹಜಾರಕ್ಕೆ ನುಗ್ಗಿದರು. ಕೋಟೆಯ ಮುಖ್ಯಸ್ಥ ಬುರುಜಿನಲ್ಲಿ ಅಡಗಿ ಸ್ವಲ್ಪ ಹೊತ್ತು ತಡೆದ. ಮುಖಕ್ಕೆ ಬಾಣ ನೆಟ್ಟ ಮೇಲೆ ಶರಣಾದ.

ಕವಿ ಬರೆದದ್ದರಲ್ಲಿ ಬಣ್ಣ ಸ್ವಲ್ಪ ಇರಬಹುದು. ಕೋಟೆ ಆ ರಾತ್ರಿ ಬಿದ್ದದ್ದು, ಹಾಗೆ ಕತ್ತಲಲ್ಲಿ ಗೋಡೆ ಹತ್ತಿ ಹಿಡಿದದ್ದು ಇತಿಹಾಸ.

ಸುದ್ದಿ ತಲುಪಿದ ಕೂಡಲೇ ಬ್ರೂಸ್ ತನ್ನ ತಮ್ಮ ಎಡ್ವರ್ಡ್ ಬ್ರೂಸ್‌ನನ್ನು ಕಳಿಸಿದ. ಕೋಟೆ ನೋಡಿಕೊಳ್ಳಲು ಅಲ್ಲ, ಕೆಡವಲು. ಗಡಿಯ ಇಂಗ್ಲಿಷ್ ಬದಿಯ ಲ್ಯಾನರ್‌ಕಾಸ್ಟ್ ಎಂಬ ಮಠದ ವೃತ್ತಾಂತದಲ್ಲಿ ಇದರ ಬಗ್ಗೆ ಒಂದು ಮಾತಿದೆ. ಅಂಥ ಸುಂದರವಾದ ಕೋಟೆಯನ್ನು ಸ್ಕಾಟರು ನೆಲಸಮ ಮಾಡಿದರು, ಕೋಟೆ ಹಿಡಿದುಕೊಂಡು ಇಂಗ್ಲಿಷರು ಇನ್ನೆಂದೂ ಈ ನೆಲ ಆಳಬಾರದು ಅಂತ ಹೀಗೆ ಮಾಡಿದರು, ಅನ್ನುವುದು ಅದರ ಸಾರ. ಶತ್ರುಪಕ್ಷದವರಿಗೂ ಕಾರಣ ಅಷ್ಟು ಸ್ಪಷ್ಟವಾಗಿ ಗೊತ್ತಿತ್ತು. ಮುಂದಿನ ತಿಂಗಳು ಎಡಿನ್‌ಬರೋ ಕೋಟೆಯೂ ಹೀಗೇ ರಾತ್ರಿ ಬಂಡೆ ಹತ್ತಿ ಬಂದವರ ಕೈಗೆ ಬಿತ್ತು, ಅದನ್ನೂ ಒಡೆದರು. ಜೂನ್‌ನಲ್ಲಿ ಬ್ಯಾನಕ್‌ಬರ್ನ್ ಯುದ್ಧ. ಸ್ಕಾಟರು ಗೆದ್ದರು. ಸೆರೆ ಸಿಕ್ಕ ಇಂಗ್ಲಿಷ್ ಸರದಾರರನ್ನು ಕೊಟ್ಟು ಮೇರಿ ಬ್ರೂಸ್ ಮತ್ತು ಉಳಿದ ಹೆಂಗಸರನ್ನು ಬಿಡಿಸಿಕೊಂಡರು.

ಬ್ರೂಸ್‌ನ ಲೆಕ್ಕ ಸರಿಯಾಗಿತ್ತು ಅನ್ನುವುದು 1322ರಲ್ಲಿ ಗೊತ್ತಾಯಿತು. ಇಂಗ್ಲೆಂಡಿನ ಎರಡನೇ ಎಡ್ವರ್ಡ್ ದೊಡ್ಡ ಸೈನ್ಯದ ಜೊತೆ ಎಡಿನ್‌ಬರೋವರೆಗೆ ಬಂದ. ಸ್ಕಾಟರು ದಾರಿಯ ದನ, ಧಾನ್ಯ ಎಲ್ಲ ಸಾಗಿಸಿಬಿಟ್ಟಿದ್ದರು. ತಂಗಲು ಕೋಟೆಯಿಲ್ಲ, ತಿನ್ನಲು ಕಾಳಿಲ್ಲ. ಹಸಿದ ಸೈನ್ಯ ಬಂದ ದಾರಿಯಲ್ಲೇ ವಾಪಸ್ ಹೋಯಿತು.

ನಡುವೆ ಸಿಕ್ಕಿದ ಪೇಟೆ

ಗೋಡೆ ಕೆಡವಬಹುದು. ದಿಬ್ಬವನ್ನು, ಎರಡು ಹೊಳೆಯನ್ನು ಏನು ಮಾಡಲು ಸಾಧ್ಯ? ಬ್ರೂಸ್ ಸತ್ತ ಮೇಲೆ ಯುದ್ಧ ಮತ್ತೆ ಶುರುವಾಯಿತು. 1334ರಲ್ಲಿ ಇಂಗ್ಲಿಷರು ಕೂರಿಸಿದ್ದ ಕೈಗೊಂಬೆ ರಾಜ ಎಡ್ವರ್ಡ್ ಬಾಲಿಯಲ್ ಸ್ಕಾಟ್ಲೆಂಡಿನ ದಕ್ಷಿಣದ ಸೀಮೆಗಳನ್ನೇ ಮೂರನೇ ಎಡ್ವರ್ಡ್‌ಗೆ ಬರೆದುಕೊಟ್ಟ. ಆ ಚಳಿಗಾಲ ಇಂಗ್ಲಿಷ್ ರಾಜ ಸ್ವತಃ ರಾಕ್ಸ್‌ಬರೋದಲ್ಲಿ ಬೀಡುಬಿಟ್ಟು ಮುರಿದ ಕೋಟೆಯನ್ನು ಮತ್ತೆ ಎಬ್ಬಿಸಿದ.

1342ರ ಈಸ್ಟರ್ ಹಬ್ಬದ ಹೊತ್ತಿಗೆ ಅಲೆಗ್ಸಾಂಡರ್ ರಾಮ್ಸೆ ಎಂಬ ಸ್ಕಾಟ್ ವೀರ ಮತ್ತೆ ಏಣಿ ಹಾಕಿ ಕೋಟೆ ಹಿಡಿದ. ಅವನಿಗೆ ಸಿಕ್ಕ ಬಹುಮಾನದ ಕತೆ ಕೇಳಿದರೆ ಸಂಕಟವಾಗುತ್ತದೆ. ರಾಜ ಅವನನ್ನು ಆ ಸೀಮೆಯ ಅಧಿಕಾರಿ ಮಾಡಿದ. ಆ ಹುದ್ದೆ ತನಗೆ ಸೇರಬೇಕಿತ್ತು ಅನ್ನುವ ಸಿಟ್ಟಿನಲ್ಲಿ ಅವನ ಜೊತೆಗೇ ಹೋರಾಡಿದ್ದ ವಿಲಿಯಂ ಡಗ್ಲಸ್ ಅವನನ್ನು ಹಿಡಿದು ಹರ್ಮಿಟೇಜ್ ಕೋಟೆಯಲ್ಲಿ ಅನ್ನ ನೀರಿಲ್ಲದೆ ಸಾಯಿಸಿದ. ನಾಲ್ಕು ವರ್ಷದ ಮೇಲೆ, 1346ರಲ್ಲಿ, ನೆವಿಲ್ಸ್ ಕ್ರಾಸ್ ಯುದ್ಧದಲ್ಲಿ ಸ್ಕಾಟರು ಸೋತು ರಾಜನೇ ಸೆರೆಯಾದ. ರಾಕ್ಸ್‌ಬರೋ ಮತ್ತೆ ಇಂಗ್ಲಿಷರಿಗೆ. ಈ ಸಲ 114 ವರ್ಷ.

1356ರ ಜನವರಿಯಲ್ಲಿ ಇಲ್ಲಿ ಒಂದು ವಿಚಿತ್ರ ದೃಶ್ಯ ನಡೆಯಿತು. ಮುದುಕನಾಗಿದ್ದ ಬಾಲಿಯಲ್ ರಾಕ್ಸ್‌ಬರೋಗೆ ಬಂದು ಮೂರನೇ ಎಡ್ವರ್ಡ್ ಕೈಗೆ ತನ್ನ ಚಿನ್ನದ ಕಿರೀಟ ಕೊಟ್ಟ. ಜೊತೆಗೆ ಸ್ಕಾಟ್ಲೆಂಡಿನ ನೆಲದ ಒಂದು ಹಿಡಿ ಮಣ್ಣು, ಕಲ್ಲು. ರಾಜ್ಯ ನಿನ್ನದು ಅಂತ ಅರ್ಥ. ರಾಜ್ಯ ಅವನ ಕೈಯಲ್ಲಿ ಎಂದೂ ನಿಜವಾಗಿ ಇರಲಿಲ್ಲ, ಅದು ಬೇರೆ ಮಾತು.

ಈಗ ಪೇಟೆಯ ಕಡೆ ಬರೋಣ. ಉಣ್ಣೆ ಹೋಗುತ್ತಿದ್ದ ದಾರಿ ನೆನಪಿದೆಯಲ್ಲ? ಕುರಿ ಸ್ಕಾಟ್ಲೆಂಡಿನ ಗುಡ್ಡಗಳಲ್ಲಿ. ಸಂತೆ ರಾಕ್ಸ್‌ಬರೋದಲ್ಲಿ, ಅದರ ತಲೆಯ ಮೇಲೆ ಇಂಗ್ಲಿಷ್ ಕಾವಲು. ಬಂದರು ಬೆರಿಕ್‌ನಲ್ಲಿ, ಅದು ಒಮ್ಮೆ ಇವರ ಕೈ, ಒಮ್ಮೆ ಅವರ ಕೈ. ಸ್ಕಾಟ್ ರೈತ ತನ್ನ ಉಣ್ಣೆಯನ್ನು ಶತ್ರುವಿಗೆ ಸುಂಕ ಕಟ್ಟಿ ಮಾರಬೇಕು. ಅವನು ಬೇರೆ ದಾರಿ ಹುಡುಕಿಕೊಂಡ, ಉಣ್ಣೆ ಎಡಿನ್‌ಬರೋ ಕಡೆಗೆ ತಿರುಗಿತು. ಸ್ಕಾಟ್ ದಂಡುಗಳಿಗೆ ಈ ಪೇಟೆ ಈಗ ಶತ್ರುವಿನ ಪೇಟೆ. 1377ರಲ್ಲಿ ಜಾತ್ರೆ ನಡೆಯುತ್ತಿದ್ದಾಗಲೇ ಸ್ಕಾಟ್ ಸರದಾರನೊಬ್ಬ ನುಗ್ಗಿ ಸುಟ್ಟ. ನಾಲ್ಕು ಪೇಟೆಗಳ ಸಭೆಯಲ್ಲಿ ಬೆರಿಕ್ ಮತ್ತು ರಾಕ್ಸ್‌ಬರೋ ಜಾಗಕ್ಕೆ 1369ರ ಹೊತ್ತಿಗೇ ಲ್ಯಾನಾರ್ಕ್, ಲಿನ್‌ಲಿತ್‌ಗೋ ಬಂದು ಕೂತಿದ್ದವು. ಕಾಗದದ ಮೇಲೆ ಪೇಟೆ ಸತ್ತದ್ದು ಅವತ್ತೇ ಅನ್ನಬಹುದು.

ರಾಜರ ಹೆಸರು ಇತಿಹಾಸದಲ್ಲಿ ಉಳಿಯುತ್ತದೆ. ಆದರೆ ಈ ಕತೆಯಲ್ಲಿ ನನ್ನನ್ನು ಕಾಡುವುದು ಆ ಪೇಟೆಯ ಜನ. ನೇಯುವವರು, ಚರ್ಮ ಹದ ಮಾಡುವವರು, ಅಂಗಡಿ ಇಟ್ಟವರು. ಕೋಟೆಯ ನೆರಳಿನಲ್ಲಿದ್ದರೆ ಕ್ಷೇಮ ಅಂತ ನಂಬಿ ಮನೆ ಕಟ್ಟಿಕೊಂಡವರು. ಆ ನೆರಳೇ ಅವರ ಮೇಲೆ ಬೆಂಕಿ ತಂದಿತು.

ಸಿಡಿದ ಫಿರಂಗಿ

1436ರಲ್ಲಿ ಒಂದನೇ ಜೇಮ್ಸ್ ರಾಜ ದೊಡ್ಡ ದಂಡು, ಫಿರಂಗಿಗಳ ಜೊತೆ ರಾಕ್ಸ್‌ಬರೋಗೆ ಮುತ್ತಿಗೆ ಹಾಕಿದ. ಪಡೆಯಲ್ಲಿ ಒಗ್ಗಟ್ಟಿರಲಿಲ್ಲ. ಇಂಗ್ಲಿಷ್ ನೆರವು ಬರುತ್ತಿದೆ ಅಂತ ಗೊತ್ತಾದಾಗ ಫಿರಂಗಿಗಳನ್ನೂ ಬಿಟ್ಟು ಹಿಂದಿರುಗಬೇಕಾಯಿತು. ಆರು ತಿಂಗಳಲ್ಲಿ ಅವನ ಸ್ವಂತ ಸರದಾರರೇ ಅವನನ್ನು ಪರ್ತ್ ಊರಿನಲ್ಲಿ ಕೊಂದರು.

ಮಗ ಎರಡನೇ ಜೇಮ್ಸ್‌ಗೆ ಆಗ ಆರು ವರ್ಷ. ದೊಡ್ಡವನಾದ ಮೇಲೆ ಅವನಿಗೆ ಫಿರಂಗಿಗಳ ಮೇಲೆ ತುಂಬಾ ಆಸೆ. ಮಾನ್ಸ್ ಮೆಗ್ ಎಂಬ ದೈತ್ಯ ಫಿರಂಗಿ 1457ರಲ್ಲಿ ಅವನಿಗೆ ಉಡುಗೊರೆಯಾಗಿ ಬಂದದ್ದು, ರಾಣಿಯ ಕಡೆಯ ನೆಂಟನಾದ ಬರ್ಗಂಡಿಯ ದೊರೆಯಿಂದ. ಅದು ಸುಮಾರು 150 ಕಿಲೋ ತೂಕದ ಕಲ್ಲುಗುಂಡು ಹಾರಿಸುತ್ತಿತ್ತು. ಇವತ್ತಿಗೂ ಎಡಿನ್‌ಬರೋ ಕೋಟೆಯಲ್ಲಿ ಅದನ್ನು ನೋಡಬಹುದು.

1460ರ ಜುಲೈನಲ್ಲಿ ಇಂಗ್ಲೆಂಡಿನ ಒಳಜಗಳ ತಾರಕಕ್ಕೇರಿ ಅಲ್ಲಿನ ರಾಜನೇ ಎದುರಾಳಿಗಳ ಕೈಗೆ ಸಿಕ್ಕಿಬಿದ್ದ. ಜೇಮ್ಸ್‌ಗೆ ಇದಕ್ಕಿಂತ ಒಳ್ಳೆ ಸಮಯ ಸಿಗುತ್ತಿರಲಿಲ್ಲ. ಅದೇ ಬೇಸಿಗೆಯಲ್ಲಿ ರಾಕ್ಸ್‌ಬರೋ ಸುತ್ತ ಫಿರಂಗಿಗಳನ್ನು ನಿಲ್ಲಿಸಿದ.

ಆಗಸ್ಟ್ 3, ಭಾನುವಾರ. ರಾಜ ಫಿರಂಗಿಗಳ ಪಕ್ಕವೇ ನಿಂತಿದ್ದ. ಒಂದು ಫಿರಂಗಿ ಸಿಡಿಯಿತು. ಅದರ ಹೆಸರು ಲಯನ್ ಅನ್ನುತ್ತಾರೆ. ಹಾರಿದ ತುಂಡು ಅವನ ತೊಡೆಗೆ ಬಡಿಯಿತು. ಸ್ವಲ್ಪ ಹೊತ್ತಿನಲ್ಲೇ ಪ್ರಾಣ ಹೋಯಿತು. ಅವನಿಗೆ ಇನ್ನೂ 30 ತುಂಬಿರಲಿಲ್ಲ. ರಾಜನಾದವನು ಅಷ್ಟು ಕುತೂಹಲದಿಂದ ಫಿರಂಗಿ ಹತ್ತಿರ ನಿಲ್ಲಬಾರದಿತ್ತು ಅಂತ ಮುಂದಿನ ಶತಮಾನದ ಇತಿಹಾಸಕಾರನೊಬ್ಬ ಬರೆದಿದ್ದಾನೆ.

ಫಿರಂಗಿ ಯಾಕೆ ಸಿಡಿಯುತ್ತಿತ್ತು? ಆ ಕಾಲದ ಬಹಳಷ್ಟು ದೊಡ್ಡ ಫಿರಂಗಿಗಳು ಒಂದೇ ಎರಕದವಲ್ಲ. ಉದ್ದನೆಯ ಕಬ್ಬಿಣದ ಪಟ್ಟಿಗಳನ್ನು ಕೊಳವೆಯ ಹಾಗೆ ಸುತ್ತ ಜೋಡಿಸಿ, ಮೇಲೆ ಕೆಂಪಗೆ ಕಾಯಿಸಿದ ಕಬ್ಬಿಣದ ಬಳೆಗಳನ್ನು ತೊಡಿಸುತ್ತಿದ್ದರು. ಬಳೆ ತಣಿದಾಗ ಕುಗ್ಗಿ ಪಟ್ಟಿಗಳನ್ನು ಬಿಗಿಯಾಗಿ ಹಿಡಿಯುತ್ತದೆ. ನಮ್ಮ ಎತ್ತಿನ ಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ತೊಡಿಸುವುದು ಇದೇ ಉಪಾಯದಿಂದ. ಮಾನ್ಸ್ ಮೆಗ್ ಕೂಡ ಹೀಗೇ ಕಟ್ಟಿದ್ದು. ಎಲ್ಲೋ ಒಂದು ಬಳೆ ಸಡಿಲವಿದ್ದರೆ, ಒಂದು ಬೆಸುಗೆ ಕಚ್ಚಿಲ್ಲದಿದ್ದರೆ, ಮದ್ದು ಸ್ವಲ್ಪ ಜಾಸ್ತಿಯಾದರೆ, ಒಳಗಿನ ಒತ್ತಡ ಗುಂಡನ್ನು ತಳ್ಳುವ ಬದಲು ಕೊಳವೆಯನ್ನೇ ಹರಿದುಹಾಕುತ್ತಿತ್ತು.

ರಾಜ ಸತ್ತರೂ ಮುತ್ತಿಗೆ ನಿಲ್ಲಲಿಲ್ಲ. ರಾಣಿ ಮೇರಿ ಆಫ್ ಗೆಲ್ಡರ್ಸ್ ಅದನ್ನು ಮುಂದುವರಿಸಿದಳು. ಐದೇ ದಿನದಲ್ಲಿ ಕೋಟೆ ಬಿತ್ತು. ಎಂಟು ಒಂಬತ್ತು ವರ್ಷದ ಮಗನಿಗೆ ಆಗಸ್ಟ್ 10ರಂದು ಹೊಳೆಯಾಚೆ ಕೆಲ್ಸೋ ಮಠದಲ್ಲಿ ಪಟ್ಟ ಕಟ್ಟಿದರು. ಅಪ್ಪ ಸತ್ತು ಒಂದು ವಾರ.

ಇಷ್ಟು ಬೆಲೆ ತೆತ್ತು ಗೆದ್ದ ಕೋಟೆ. ಒಬ್ಬ ರಾಜನನ್ನೇ ಬಲಿ ಕೊಟ್ಟು ಗೆದ್ದದ್ದು. ಉಳಿಸಿಕೊಳ್ಳುತ್ತಾರೆ ಅಂದುಕೊಳ್ಳುತ್ತೇವೆ. ಉಳಿಸಿಕೊಳ್ಳಲಿಲ್ಲ. 1314ರಲ್ಲಿ ಮಾಡಿದ್ದನ್ನೇ ಮತ್ತೆ ಮಾಡಿದರು. ಕೋಟೆಯನ್ನು ಒಡೆದು ಹಾಕಿದರು. 114 ವರ್ಷ ಆ ಗೋಡೆಗಳು ಯಾರಿಗೆ ಕೆಲಸ ಮಾಡಿದ್ದವು ಅನ್ನುವುದು ಅವರಿಗೆ ಚೆನ್ನಾಗಿ ನೆನಪಿತ್ತು. ಕಾಯಲು ಪೇಟೆಯೂ ಉಳಿದಿರಲಿಲ್ಲ.

ಕತೆಗೆ ಒಂದು ಸಣ್ಣ ಬಾಲ ಇದೆ. 1547ರಲ್ಲಿ ಪಿಂಕಿ ಯುದ್ಧ ಗೆದ್ದು ಹಿಂದಿರುಗುತ್ತಿದ್ದ ಇಂಗ್ಲಿಷ್ ಸೈನ್ಯ ಈ ದಿಬ್ಬದ ಮೇಲೆ ಹೊಸ ಠಾಣೆ ಕಟ್ಟಿತು. ಎತ್ತರದ ಕಲ್ಲುಗೋಡೆಯ ಕಾಲ ಆಗಲೇ ಮುಗಿದಿತ್ತು. ಹಳೇ ಅವಶೇಷಗಳ ನಡುವೆ ಮಣ್ಣಿನ ಏರಿ, ಕಂದಕ. ಸರದಾರರೂ ಸೇರಿ ಗುದ್ದಲಿ ಹಿಡಿದು ಅಗೆದರಂತೆ. 1550ರ ಶಾಂತಿ ಒಪ್ಪಂದದ ಪ್ರಕಾರ ಅದನ್ನೂ ಕೆಡವಿದರು. ಅಲ್ಲಿಗೆ ದಿಬ್ಬದ ಮೇಲಿನ ಕಟ್ಟಡಗಳ ಸರದಿ ಮುಗಿಯಿತು. 1603ರಲ್ಲಿ ಸ್ಕಾಟ್ಲೆಂಡಿನ ರಾಜನೇ ಇಂಗ್ಲೆಂಡಿಗೂ ರಾಜನಾದ. ಗಡಿ ಕಾಯುವ ಕೋಟೆಗೆ ಇನ್ನು ಕೆಲಸವೇ ಇರಲಿಲ್ಲ.

ಈಗ ಅಲ್ಲಿ

ಟ್ವೀಡ್ ಹೊಳೆಯ ಆಚೆ ದಡದಲ್ಲಿ ಈಗ ಫ್ಲೋರ್ಸ್ ಕ್ಯಾಸಲ್ ಇದೆ. ರಾಕ್ಸ್‌ಬರೋ ಡ್ಯೂಕ್ ಮನೆತನದ ಅರಮನೆ. ಶುರುವಾದದ್ದು 1721ರಲ್ಲಿ. ಹೆಸರಿನಲ್ಲಿ ಕ್ಯಾಸಲ್ ಅಂತಿದ್ದರೂ ಅದು ಯುದ್ಧಕ್ಕೆ ಕಟ್ಟಿದ್ದಲ್ಲ. ಸಾಲು ಸಾಲು ದೊಡ್ಡ ಕಿಟಕಿಗಳಿರುವ ಮನೆ. ಅದರ ತೋಟದಲ್ಲಿ ಹಾಲಿ (holly) ಅನ್ನುವ ಜಾತಿಯ ಒಂದು ಮರವಿದೆ. ಎರಡನೇ ಜೇಮ್ಸ್ ಬಿದ್ದ ಜಾಗ ಇದೇ ಅಂತ ಹೇಳಿಕೊಂಡು ಬಂದಿದ್ದಾರೆ. ಸ್ಕಾಟ್ಲೆಂಡಿನ ರಾಜಲಾಂಛನಗಳ ಕಚೇರಿಯಲ್ಲಿ ಮಾರ್ಚ್‌ಮಾಂಟ್ ಹೆರಾಲ್ಡ್ ಅನ್ನುವ ಪದವಿ ಇವತ್ತಿಗೂ ಇದೆ. ಕೋಟೆಯ ಹಳೇ ಹೆಸರು ಹೀಗೆ ಒಂದು ಹುದ್ದೆಯಾಗಿ ಬದುಕಿದೆ.

ಪೇಟೆಯ ಮೇಲೆ ಯಾರೂ ಹೊಸ ಊರು ಕಟ್ಟಲಿಲ್ಲ. ಪುರಾತತ್ವ ಶಾಸ್ತ್ರಜ್ಞರಿಗೆ ಇದು ದೊಡ್ಡ ಅದೃಷ್ಟ. ಹಳೇ ಊರುಗಳ ಮೇಲೆ ಸಾಮಾನ್ಯವಾಗಿ ಇವತ್ತಿನ ಊರು ಕೂತಿರುತ್ತದೆ, ಅಗೆಯಲು ಆಗುವುದಿಲ್ಲ. ಇಲ್ಲಿ ಹುಲ್ಲಿನ ಕೆಳಗೆ ಮಧ್ಯಯುಗದ ಪೇಟೆ ಹಾಗೇ ಮಲಗಿದೆ. ಅಗೆಯದೆಯೂ ಸ್ವಲ್ಪ ತಿಳಿಯಬಹುದು. ಮಣ್ಣಿನಲ್ಲಿ ವಿದ್ಯುತ್ ಹರಿಸಿದರೆ ತೇವದ ಹಳೇ ಚರಂಡಿ ಇರುವಲ್ಲಿ ಸಲೀಸಾಗಿ ಹರಿಯುತ್ತದೆ, ಕಲ್ಲಿನ ತಳಪಾಯ ಇರುವಲ್ಲಿ ತಡೆಯುತ್ತದೆ. ಹೆಜ್ಜೆ ಹೆಜ್ಜೆಗೂ ಅಳತೆ ತೆಗೆದು ಜೋಡಿಸಿದರೆ ಬೀದಿ, ಗೋಡೆಗಳ ಗೆರೆ ನಕಾಶೆಯಲ್ಲಿ ಮೂಡುತ್ತದೆ. 2003ರಲ್ಲಿ ಒಂದು ಟೀವಿ ಕಾರ್ಯಕ್ರಮದ ತಂಡ ಇಲ್ಲಿ ಕೆಲವು ಗುಂಡಿ ತೋಡಿ ನೋಡಿತು. ಪೇಟೆಯ ಬಹುಪಾಲು ಇನ್ನೂ ನೆಲದೊಳಗೇ ಇದೆ.

ಇನ್ನೊಂದು ವಿಷಯ ಹೇಳಲೇಬೇಕು. ಪೇಟೆ ಹೋದರೂ ಅದರ ಜಾತ್ರೆ ಹೋಗಲಿಲ್ಲ. ಸಂತ ಜೇಮ್ಸ್ ಹೆಸರಿನ ಜಾತ್ರೆ. ಸಂತನ ದಿನ ಜುಲೈ 25. 1752ರಲ್ಲಿ ಬ್ರಿಟನ್ ಹೊಸ ಕ್ಯಾಲೆಂಡರಿಗೆ ಬದಲಾಗಿ 11 ದಿನ ಮುಂದೆ ಜಿಗಿಯಿತು. ಜಾತ್ರೆಯವರು ತಮ್ಮ ಹಳೇ ಲೆಕ್ಕ ಬಿಡಲಿಲ್ಲ. ಹಾಗಾಗಿ ಆಗಸ್ಟ್ 5ಕ್ಕೆ ಜಾತ್ರೆ. 19ನೇ ಶತಮಾನದಲ್ಲೂ ಸುತ್ತಲಿನ ಹಳ್ಳಿಗಳ ಜನ ವರ್ಷಕ್ಕೊಮ್ಮೆ ಈ ಬಯಲಿಗೆ ಬರುತ್ತಿದ್ದರು. ಕುದುರೆ, ದನ ತರುತ್ತಿದ್ದರು, ಡೇರೆ ಹಾಕುತ್ತಿದ್ದರು, ಚೌಕಾಸಿ ಮಾಡುತ್ತಿದ್ದರು. ಸಂಜೆ ಡೇರೆ ಕಿತ್ತು ಹೊರಡುವಾಗ ಅವರ ಕಾಲ ಕೆಳಗೆ ರಾಕ್ಸ್‌ಬರೋದ ಬೀದಿಗಳಿದ್ದವು.